‘ಸ್ಟಾರ್ಟ್’ ಎಂದು ಬಂದ ತಂತಿ

ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವಳು ನಾನು. ಒಂದೇ ಒಂದು ಪದ ಬಿಟ್ಟರೆ ಯಾವುದಕ್ಕೂ ಹೆದರಿದವಳಲ್ಲ. ಆ ಪದ ‘ಸ್ಟಾರ್ಟ್’. ಕೇಳಿದವರಿಗೆ ನಗು ಬರುತ್ತದೆ ಎಂದು ಗೊತ್ತು. ಬಸ್ಸಿನ ಡ್ರೈವರನಿಂದ ಹಿಡಿದು ಹಿಟ್ಟಿನ ಗಿರಣಿಯವನವರೆಗೆ ಎಲ್ಲರ ಬಾಯಲ್ಲೂ ಸವೆದುಹೋದ ಪದ ಅದು. ಅಂಥ ಬಡಪಾಯಿ ಪದಕ್ಕೆ ಹೆದರುವವಳು ಟೀಚರ್ ಹೇಗಾದಳು ಎಂದು ಯಾರಾದರೂ ಕೇಳಬಹುದು. ಹೆದರಿಕೆ ಟೀಚರಾದ ಮೇಲೆಯೇ ಬಂದದ್ದು.

ಎಪ್ಪತ್ತರ ದಶಕದ ನಡುವಿನಲ್ಲಿ ಅಜ್ಜಂಪುರದ ಹೈಸ್ಕೂಲಿಗೆ ಸೇರಿದಾಗ ನನಗೆ ಇಪ್ಪತ್ಮೂರು. ನನ್ನೂರು ಕಡೂರು. ಅಪ್ಪ ಅಲ್ಲಿಯ ತೆಂಗಿನಕಾಯಿ ಮಂಡಿಯೊಂದರಲ್ಲಿ ಗುಮಾಸ್ತರು. ಇಂಗ್ಲಿಷ್ ಕಲಿತ ಮಗಳಿದ್ದಾಳೆ ಎಂದು ಅವರಿಗೆ ಎಷ್ಟು ಹೆಮ್ಮೆಯೋ ನನಗೆ ಅದರ ಎರಡರಷ್ಟು ಜಂಬ. ಹೊಸ ಸೀರೆ ಉಟ್ಟವಳು ಬೀದಿಗೆ ನಾಲ್ಕು ಸಲ ಬರುತ್ತಾಳಲ್ಲ, ನಾನು ನನ್ನ ಇಂಗ್ಲಿಷನ್ನು ಹಾಗೆ ಉಟ್ಟುಕೊಂಡು ತಿರುಗುತ್ತಿದ್ದೆ.

ವಾರಕ್ಕೊಂದು ಕ್ರಿಯಾಪದ ಎಂಬುದು ನಾನು ತಂದ ಪದ್ಧತಿ. ಸೋಮವಾರ ಒಂದು ಪದವನ್ನು ಕಪ್ಪು ಹಲಗೆಯ ಮೇಲೆ ಬರೆದು, ಶನಿವಾರದೊಳಗೆ ಅದರ ಅರ್ಥಗಳನ್ನೆಲ್ಲ ಮಕ್ಕಳ ಕೈಯಲ್ಲೇ ಹುಡುಕಿಸುತ್ತಿದ್ದೆ. ‘ಸ್ಟಾರ್ಟ್’ ವಾರದಲ್ಲಿ ತರಗತಿ ಜಾತ್ರೆಯಾಗಿತ್ತು. ಪಂಪ್‌ಸೆಟ್ಟು ಸ್ಟಾರ್ಟ್ ಆಗುವುದು, ಮಳೆ ಶುರುವಾಗುವುದು, ಊರಿಗೆ ಹೊರಡುವುದು, ಅಂಗಡಿ ಇಡುವುದು, ಜಗಳ ತೆಗೆಯುವುದು. ‘ನಮ್ಮ ಟೀಚರ್ ಹತ್ತು ಗಂಟೆಗೆ ಸರಿಯಾಗಿ ಬೈಯಲು ಸ್ಟಾರ್ಟ್ ಮಾಡುತ್ತಾರೆ’ ಎಂದು ಒಬ್ಬಳು ಇಂಗ್ಲಿಷಿನಲ್ಲಿ ಬರೆದಿದ್ದಳು. ವ್ಯಾಕರಣ ತಪ್ಪಿರಲಿಲ್ಲ, ಪೂರ್ತಿ ಅಂಕ ಕೊಟ್ಟೆ. ಕೊನೆಗೆ ಯಾರಿಗೂ ಗೊತ್ತಿಲ್ಲದ ಅರ್ಥವೊಂದು ಉಳಿದಿತ್ತು. ಬೆಚ್ಚಿಬೀಳುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ ಎಂದರೆ ಮಕ್ಕಳು ನಂಬಲಿಲ್ಲ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ಯಾರೋ ಕಿರುಚಿದಂತೆ ತಟ್ಟನೆ ಎದ್ದು ತೋರಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಊರಿನಲ್ಲಿ ನನ್ನ ಹೆಸರು ಬಹಳ ಜನಕ್ಕೆ ಗೊತ್ತಿರಲಿಲ್ಲ. ನಾನು ‘ತಂತಿ ಟೀಚರ್’. ಆಗ ತಂತಿಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು. ಟಪಾಲಿನವರು ಸೈಕಲ್ ನಿಲ್ಲಿಸಿದ ಮನೆಯಲ್ಲಿ ಲಕೋಟೆ ಬಿಚ್ಚುವ ಮೊದಲೇ ಅಳು ಎದ್ದಿರುತ್ತಿತ್ತು. ಆಮೇಲೆ ಯಾರಾದರೂ ಆ ಕಾಗದ ಹಿಡಿದು ಸ್ಕೂಲಿಗೋ ನನ್ನ ರೂಮಿಗೋ ಓಡಿಬರುತ್ತಿದ್ದರು. ಹೆಡ್‌ಮಾಸ್ತರು ನನಗೆ ಮೊದಲ ತಿಂಗಳಲ್ಲೇ ಬುದ್ಧಿ ಹೇಳಿದ್ದರು.

“ನೋಡಮ್ಮ, ಸತ್ತಿದ್ದಾರೆ ಅಂತ ನಮ್ಮ ಜನ ತಂತಿ ಕೊಡೋದಿಲ್ಲ. ದಾರೀಲಿ ಎದೆ ಒಡ್ಕೊಂಡಾರು ಅಂತ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ ಅಂತಲೇ ಕೊಡ್ತಾರೆ. ನಿಮಗೆ ಅರ್ಥ ಆದ್ರೂ ಬಾಯಿ ಬಿಡಬೇಡಿ. ಹುಷಾರಿಲ್ವಂತೆ, ಹೊರಡಿ ಅಂತಷ್ಟೇ ಹೇಳಿ. ಮಿಕ್ಕಿದ್ದು ಆ ಊರಿನವರು ನೋಡ್ಕೋತಾರೆ.”

ಒಂದೆರಡು ವರ್ಷ ಹಾಗೆಯೇ ಮಾಡಿದೆ. ನಾನು ‘ಹುಷಾರಿಲ್ವಂತೆ’ ಎಂದು ಓದಿದ ಏಳೆಂಟು ತಂತಿಗಳಲ್ಲಿ ಒಬ್ಬರೂ ಉಳಿದಿರಲಿಲ್ಲ. ಸೀರಿಯಸ್ ಎಂದರೆ ಮುಗಿಯಿತು ಎಂದೇ ನನಗೂ ಖಾತ್ರಿಯಾಗಿಹೋಯಿತು. ಅಷ್ಟರಲ್ಲಿ ರೈತರೊಬ್ಬರು ಹೆಂಡತಿಯ ತವರಿನಿಂದ ಬಂದವರೇ ಸ್ಕೂಲಿನ ಮೆಟ್ಟಿಲಲ್ಲಿ ನಿಂತು ನನ್ನನ್ನು ತರಾಟೆಗೆ ತೆಗೆದುಕೊಂಡರು.

“ಓದ್ದೋರು ನೀವು, ಒಂದು ಮಾತು ಬಿಡಿಸಿ ಹೇಳಬಾರದಿತ್ತಾ? ಅತ್ತೆ ಮಣ್ಣಿಗೆ ಬರಿಗೈಲಿ ಹೋಗಿ ನಿಂತ್ಕೊಂಡ್ವಿ. ಹೆತ್ತವಳಿಗೆ ಹೊದಿಸಕ್ಕೆ ಒಂದು ಸೀರೆ ತರಲಿಲ್ಲ ಮಗಳು ಅಂತ ಜನ ಆಡ್ಕೊಂಡ್ರು. ನಿಮಗೆ ಗೊತ್ತಿತ್ತು ತಾನೆ?”

ಗೊತ್ತಿತ್ತು. ಅವರ ಮುಂದೆ ತಲೆತಗ್ಗಿಸಿ ನಿಂತೆ. ತಾಯಿ ತೀರಿಕೊಂಡರೆ ಮಗಳು ಹೊಸ ಸೀರೆ ತಂದು ಹೊದಿಸಬೇಕು. ತವರಿನ ಬೀದಿಯ ತಿರುವಿನಿಂದಲೇ ಹಾಡಿಕೊಂಡು ಅಳುತ್ತಾ ಬರಬೇಕು. ಸುಮ್ಮನೆ ನಡೆದುಬಂದವಳನ್ನು ಕಲ್ಲೆದೆಯವಳು ಎನ್ನುತ್ತಾರೆ. ಇನ್ನು ಮೇಲೆ ಬೇಕಾದವರಿಗಾದರೂ ನಿಜವನ್ನೇ ಹೇಳಬೇಕು ಎಂದು ಅವತ್ತು ತೀರ್ಮಾನಿಸಿದೆ. ಗೊತ್ತಿರುವುದನ್ನು ಮುಚ್ಚಿಟ್ಟುಕೊಳ್ಳುವುದು ನನ್ನಂಥವಳಿಗೆ ಮೊದಲೇ ಕಷ್ಟ, ಈಗ ನೆಪವೂ ಸಿಕ್ಕಿತು.

ನಾನು ಬಾಡಿಗೆಗಿದ್ದದ್ದು ಈರುಳ್ಳಿ ವ್ಯಾಪಾರದವರೊಬ್ಬರ ಮನೆಯ ಮುಂದಿನ ಕೋಣೆಯಲ್ಲಿ. ಮನೆಯಾಕೆಯನ್ನು ಅಕ್ಕ ಎನ್ನುತ್ತಿದ್ದೆ. ನಲವತ್ತರ ಹತ್ತಿರದ ಹೆಂಗಸು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಿದ್ದರು. ಮಗ ಆಗಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದ. ಬಾಡಿಗೆಯವಳು ಎಂದು ನನ್ನನ್ನು ಒಂದು ದಿನವೂ ಬೇರೆಯಾಗಿ ಕಂಡವರಲ್ಲ. ನಾನು ಸಾರು ಮಾಡಿದ ದಿನ ಅದನ್ನು ನೋಡಿ, “ಇದನ್ನ ಹಸುಗೆ ಹಾಕಾಣ, ನೀನು ಒಳಕ್ಕೆ ಬಂದು ಉಣ್ಣು” ಎನ್ನುತ್ತಿದ್ದರು. ಅವರ ತಾಯಿ ಹರಿಹರದಲ್ಲಿ ಮಗನ ಮನೆಯಲ್ಲಿದ್ದರು. ಆ ಮಗ, ಅಕ್ಕನ ತಮ್ಮ, ಅಲ್ಲಿ ಗಿರಣಿಯ ಕೆಲಸಗಾರ. ಅಕ್ಕನ ಮಾತು ಎಲ್ಲಿ ಶುರುವಾದರೂ ಅವ್ವನ ಹತ್ತಿರ ಹೋಗಿ ನಿಲ್ಲುತ್ತಿತ್ತು. ಅವ್ವ ಹಾಕುವ ಉಪ್ಪಿನಕಾಯಿ, ಅವ್ವನ ಮಂಡಿನೋವು, ಅವ್ವ ಹೇಳುವ ಗಾದೆ. ಆ ಮುದುಕಿಯನ್ನು ನಾನು ನೋಡಿರಲೇ ಇಲ್ಲ. ಆದರೂ ನಮ್ಮ ಮನೆಯವರೇ ಅನ್ನಿಸಿಬಿಟ್ಟಿದ್ದರು.

ಒಂದು ಬೆಳಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಟಪಾಲಿನವರ ಸೈಕಲ್ಲು ನಮ್ಮದೇ ಬಾಗಿಲಲ್ಲಿ ನಿಂತಿತು. ಅಕ್ಕ ಸಗಣಿಯ ಕೈಯಲ್ಲೇ ಹಿತ್ತಲಿಂದ ಓಡಿಬಂದರು. ತಂತಿಯನ್ನು ನಾನೇ ಇಸಿದುಕೊಂಡೆ. ನಾಲ್ಕು ಪದ. ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ.

“ಅವ್ವನ ವಿಚಾರಾನಾ?” ಎಂದರು ಅಕ್ಕ.

“ಹುಷಾರಿಲ್ವಂತೆ ಅಕ್ಕ. ಹೊರಡಬೇಕಂತೆ.”

ಅವರು ನನ್ನ ಮುಖವನ್ನೇ ನೋಡಿದರು. “ಎಲ್ರಿಗೂ ಹಿಂಗೇ ಹೇಳ್ತೀಯ ನೀನು. ನಂಗೆ ನಿಜ ಹೇಳು. ಅವ್ವ ಬದುಕವ್ಳಾ, ಇಲ್ವಾ?”

ಮೆಟ್ಟಿಲಲ್ಲಿ ನಿಂತು ಬೈದ ಆ ರೈತರು ಕಣ್ಣ ಮುಂದೆ ಬಂದರು. ನನ್ನ ಅಕ್ಕ ಬರಿಗೈಯಲ್ಲಿ ಹೋಗಿ ನಾಲ್ಕು ಜನರ ಬಾಯಿಗೆ ಬೀಳಬಾರದು ಎನ್ನಿಸಿತು. ಪ್ರೀತಿಯಿಂದಲೇ ಹೇಳಿದೆ, ಸುಳ್ಳಲ್ಲ. ಆ ಪ್ರೀತಿಯೊಳಗೆ ಜಂಬವೂ ಇತ್ತು, ಅದೂ ಸುಳ್ಳಲ್ಲ.

“ಇಲ್ಲ ಅಕ್ಕ” ಎಂದೆ.

ಅವರು ಅಲ್ಲೇ ಕುಸಿದು ಕೂತರು. ಸಾವಿನ ಕಾಗದವನ್ನು ಮನೆಯೊಳಗೆ ಇಡಬಾರದು, ಓದಿದವರೇ ಹರಿದು ಎಸೆಯಬೇಕು ಎಂಬ ಪದ್ಧತಿ. ನಾನು ತಂತಿಯನ್ನು ಚೂರುಚೂರು ಮಾಡಿ ಬೀದಿಗೆ ಹಾಕಿದೆ. ಎಲ್ಲವನ್ನೂ ಸರಿಯಾಗಿ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಪೇಟೆಗೂ ನಾನೇ ಹೋಗಿ ಹಸಿರು ಸೀರೆ ತಂದೆ, ಕೆಂಪಂಚು. ಈರುಳ್ಳಿ ಮಂಡಿಯಿಂದ ಅವರ ಯಜಮಾನರನ್ನು ಕರೆಸಿದೆವು. ಗಂಡಹೆಂಡತಿ ಇಬ್ಬರನ್ನೂ ಮಧ್ಯಾಹ್ನದ ಪ್ಯಾಸೆಂಜರಿಗೆ ಹತ್ತಿಸಿ ಬಂದೆ.

ಅಕ್ಕ ವಾಪಸು ಬಂದದ್ದು ಹದಿನೈದು ದಿನದ ಮೇಲೆ. ಬಾಯಿ ತುಂಬ ಮಾತಾಡುತ್ತಿದ್ದವರು ಜಗಲಿಯ ಕಂಬಕ್ಕೆ ಒರಗಿ ಕೂತು, ಬೇರೆ ಯಾರದೋ ಮನೆಯ ಸುದ್ದಿ ಹೇಳುವಂತೆ ಹೇಳಿದರು.

ಅವರು ಹರಿಹರದಲ್ಲಿ ಇಳಿದಾಗ ಇಳಿಹೊತ್ತು. ತಮ್ಮನ ಬೀದಿಯ ತಿರುವಿಗೆ ಬರುತ್ತಲೇ ಸೀರೆಯನ್ನು ಎದೆಗವಚಿಕೊಂಡು ಅಳು ತೆಗೆದಿದ್ದಾರೆ. ‘ನನ್ನ ಹೆತ್ತವ್ವ, ನನ್ನ ಬಿಟ್ಟು ಹೋದ್ಯಲ್ಲವ್ವ, ಇನ್ಯಾರು ನನ್ನ ಬಾ ಅಂತಾರವ್ವ.’ ಬೀದಿಯ ಹೆಂಗಸರು ಹೊರಗೆ ಬಂದು ಬಾಯಿ ತೆರೆದು ನೋಡಿದ್ದಾರೆ. ಯಾರೂ ಎದುರಿಗೆ ಬಂದು ತಬ್ಬಿಕೊಳ್ಳಲಿಲ್ಲವಲ್ಲ ಎಂದು ಅಕ್ಕನಿಗೆ ಅನ್ನಿಸಿತಂತೆ, ಆದರೂ ಅಳು ನಿಲ್ಲಿಸಲಿಲ್ಲವಂತೆ. ಅವ್ವ ಬದುಕಿದ್ದರು. ಹಿಂದಿನ ದಿನ ಜ್ವರ ನೆತ್ತಿಗೇರಿ ಡಾಕ್ಟರು ಕೈಬಿಟ್ಟಂತೆ ಮಾತಾಡಿದ್ದಕ್ಕೆ ತಮ್ಮ ತಂತಿ ಕೊಟ್ಟಿದ್ದ. ಆ ಮಧ್ಯಾಹ್ನ ಜ್ವರ ಇಳಿದು, ಅರ್ಧ ಲೋಟ ಗಂಜಿ ಕುಡಿದು, ಅವ್ವನಿಗೆ ಆಗಷ್ಟೇ ನಿದ್ದೆ ಹತ್ತಿತ್ತು.

“ಬೆಚ್ಚಿಬಿದ್ದು ಎದ್ದು ಕೂತ್ಲು ಕಣಮ್ಮ” ಎಂದರು ಅಕ್ಕ. “ಯಾರು ಸತ್ರು, ಯಾರು ಸತ್ರು ಅಂದ್ಲಂತೆ. ಅಷ್ಟರಲ್ಲಿ ಒಳಕ್ಕೆ ಹೋದೆ ನಾನು. ನನ್ನ ಮುಖ ನೋಡಿದ್ಲು. ಕೈಯಾಗಿರೋ ಸೀರೆ ನೋಡಿದ್ಲು.”

ಸತ್ತರೆಂದು ಸುದ್ದಿಯಾದವರಿಗೆ ಆಯಸ್ಸು ಗಟ್ಟಿ ಎಂದು ಬೀದಿಯವರೆಲ್ಲ ಸಮಾಧಾನ ಹೇಳಿದರಂತೆ. ಅವ್ವನೂ ನಕ್ಕರಂತೆ. ಆದರೆ ಆ ಹೊತ್ತಿನಿಂದ ಗಂಜಿ ಮುಟ್ಟಲಿಲ್ಲ. ಬಲವಂತ ಮಾಡಿದರೆ, “ನನ್ನ ಮಗಳು ಅತ್ತು ಮುಗಿಸವ್ಳೆ, ಇನ್ನು ಉಂಡು ಏನು ಮಾಡಾದು” ಎಂದರಂತೆ. ಬೇಸರವಿಲ್ಲದೆ, ತಮಾಷೆಯ ಹಾಗೆ. ಮೂರನೆಯ ದಿನ ಹೋದರು. ಎದೆಯಲ್ಲಿ ಕಫ ಕಟ್ಟಿತ್ತು ಎಂದರು ಡಾಕ್ಟರು. ಹೊದಿಸಿದ್ದು ನಾನು ಆರಿಸಿದ ಹಸಿರು ಸೀರೆಯನ್ನೇ.

“ಬದುಕಿರೋಳ್ನ ಸತ್ಲು ಅಂತ ತಂತಿ ಹೊಡೆದನಲ್ಲ ನನ್ನ ತಮ್ಮ, ಅವನು ಮನುಷ್ಯನಾ?” ಎಂದರು ಅಕ್ಕ. “ಹಂಗೆ ಬರೆಸಿಲ್ಲ ಅಂತ ಆಣೆ ಇಟ್ಟ. ನಮ್ಮ ಟೀಚರ್ ಸುಳ್ಳು ಹೇಳ್ತಾಳೇನೋ ಅಂತ ಕೇಳ್ದೆ. ಮಣ್ಣು ಮಾಡಿದ ಜಾಗದಲ್ಲೇ ಹೇಳ್ಬಂದಿದೀನಿ, ಇನ್ನು ನಿನ್ನ ಹೊಸಿಲು ತುಳಿಯಲ್ಲ ಅಂತ.”

ಆಗ ಹೇಳಬೇಕಿತ್ತು. ತಮ್ಮ ಬರೆಸಿದ್ದು ಸೀರಿಯಸ್ ಎಂದಷ್ಟೇ, ಮಿಕ್ಕಿದ್ದು ನನ್ನದು ಎಂದು ಹೇಳುವುದಕ್ಕೆ ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ. ಇವತ್ತು ಬೇಡ, ದುಃಖ ಹಸಿಯಾಗಿದೆ, ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎನ್ನುವ ಪದಕ್ಕೆ ಹೇಡಿಗಳ ನಿಘಂಟಿನಲ್ಲಿ ಬೇರೆಯೇ ಅರ್ಥವಿದೆ.

ಎರಡು ತಿಂಗಳ ಮೇಲೆ ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ನನ್ನ ಕೋಣೆಗೆ ಬಂದರು. ಕೈಯಲ್ಲಿ ತಮ್ಮನ ಕಾಗದ. ಅದರೊಳಗೆ ಮಡಿಸಿದ ಇನ್ನೊಂದು ಹಾಳೆ. ಆತ ಪೋಸ್ಟಾಫೀಸಿಗೆ ಅಲೆದು, ಅರ್ಜಿ ಕೊಟ್ಟು, ತಾನು ಕಳಿಸಿದ ತಂತಿಯ ನಕಲನ್ನು ಸೀಲು ಹಾಕಿಸಿ ತರಿಸಿದ್ದ. ‘ಅಕ್ಕ, ಯಾರಾದರೂ ಇಂಗ್ಲಿಷ್ ಬಲ್ಲವರ ಹತ್ತಿರ ಇದನ್ನು ಓದಿಸು. ಆಮೇಲೂ ನಾನೇ ತಪ್ಪಿತಸ್ಥ ಅನ್ನಿಸಿದರೆ ನಿನ್ನ ಇಷ್ಟ’ ಎಂದು ಬರೆದಿದ್ದ.

“ಇಂಗ್ಲಿಷ್ ಬಲ್ಲವರು ಬೇರೆ ಯಾರವ್ರೆ ನಂಗೆ? ನೋಡು ಏನೈತೆ ಅಂತ” ಎಂದು ಹಾಳೆ ಚಾಚಿದರು.

ಅದೇ ನಾಲ್ಕು ಪದ. ಕಪ್ಪು ಶಾಯಿ, ದುಂಡನೆಯ ಅಕ್ಷರ. ನಮ್ಮ ಎಂಟನೆಯ ತರಗತಿಯ ಮಗುವೂ ಓದುವಂತಿತ್ತು. ಆ ಹಾಳೆಯನ್ನು ಬೆಳಕಿಗೆ ಹಿಡಿದೆ, ತಿರುಗಿಸಿದೆ, ಮತ್ತೆ ಹಿಡಿದೆ. ಓದಿಬಿಟ್ಟರೆ ನನ್ನ ಮಾನ ಏನಾಗುತ್ತದೆ, ಈ ಮನೆ ಏನಾಗುತ್ತದೆ, ಸ್ಕೂಲಿನಲ್ಲಿ ಏನಂದಾರು ಎಂದು ಲೆಕ್ಕ ಹಾಕುತ್ತಿದ್ದೆ. ಅಕ್ಕ ಕಾಯುತ್ತಿದ್ದರು.

“ಸೀಲಿನ ಮಸಿ ಹರಡಿಬಿಟ್ಟಿದೆ ಅಕ್ಕ. ಅಕ್ಷರ ಗೊತ್ತಾಗೋದಿಲ್ಲ” ಎಂದೆ.

ಅವರು ಹಾಳೆಯನ್ನು ಮೊದಲಿದ್ದ ಗೆರೆಯಲ್ಲೇ ಮಡಿಸಿ ತೆಗೆದುಕೊಂಡು ಹೋದರು. ಮೊದಲ ತಪ್ಪಿಗೆ ವಯಸ್ಸಿನ ನೆಪ ಹೇಳಬಹುದು, ಪದ್ಧತಿಯ ನೆಪ ಹೇಳಬಹುದು. ಇದಕ್ಕೆ ಯಾವ ನೆಪವೂ ಇಲ್ಲ. ಆರು ತಿಂಗಳೊಳಗೆ ಹೇಗೋ ಮಾಡಿ ತರೀಕೆರೆಗೆ ವರ್ಗ ಮಾಡಿಸಿಕೊಂಡೆ. ಹೊರಡುವ ದಿನ ಅಕ್ಕ ಅತ್ತರು, ನನ್ನ ಕಣ್ಣಲ್ಲಿ ನೀರೇ ಬರಲಿಲ್ಲ.

ತರೀಕೆರೆಗೆ ಬಂದರೆ ಎಲ್ಲ ಹಿಂದೆ ಉಳಿಯುತ್ತದೆ ಎಂದುಕೊಂಡಿದ್ದೆ. ರೂಮು ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕಿತು. ಬೆಳಗಿನ ಮೊದಲ ಬಸ್ಸು ಚಳಿಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಡ್ರೈವರು ಮತ್ತೆ ಮತ್ತೆ ಸ್ಟಾರ್ಟರ್ ಎಳೆಯುತ್ತಿದ್ದ, ಅದು ಉಸಿರು ಕಟ್ಟಿದ ಮುದುಕಿಯ ಹಾಗೆ ಕೆಮ್ಮುತ್ತಿತ್ತು. ಹಾಸಿಗೆಯಲ್ಲಿ ಎದ್ದು ಕೂತು, ಸ್ಟಾರ್ಟ್ ಆಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಪರೀಕ್ಷೆಯಲ್ಲಿ ‘ಸ್ಟಾರ್ಟ್ ರೈಟಿಂಗ್’ ಎನ್ನಬೇಕಾದಲ್ಲಿ ಕನ್ನಡದಲ್ಲೇ ‘ಬರೀರಿ’ ಎಂದುಬಿಡುತ್ತಿದ್ದೆ. ವಾರಕ್ಕೊಂದು ಕ್ರಿಯಾಪದದ ಪದ್ಧತಿ ಅಲ್ಲೂ ಹೆಸರು ಮಾಡಿತು, ಆದರೆ ಆ ಒಂದು ಪದಕ್ಕೆ ವಾರ ಸಿಗಲಿಲ್ಲ. ಪಠ್ಯದಲ್ಲಿ ಅದು ಎದುರಾದಾಗ ಶುರುಮಾಡು, ಹೊರಡು ಎಂದು ಎರಡೇ ಅರ್ಥ ಹೇಳಿ ಮುಂದೆ ಹೋಗುತ್ತಿದ್ದೆ. ಬೆಚ್ಚಿಬೀಳುವ ಅರ್ಥ ಬಾಯಿಗೆ ಬಂದರೆ ಕೊನೆಯ ಬೆಂಚಿನಲ್ಲಿ ಒಬ್ಬ ಮುದುಕಿ ಎದ್ದು ಕೂರುತ್ತಿದ್ದಳು. ನಾನು ನೋಡೇ ಇಲ್ಲದ ಮುಖ. ಆದರೂ ಅದಕ್ಕೆ ಅಕ್ಕನ ಹಣೆಯಿತ್ತು, ಅಕ್ಕನ ವಿಭೂತಿಯಿತ್ತು. ಯಾರು ಸತ್ತರು ಎಂದು ನನ್ನನ್ನೇ ಕೇಳುತ್ತಿದ್ದಳು. ಮಕ್ಕಳು ಟೀಚರ್ ಯಾಕೆ ನಿಂತುಬಿಟ್ಟರು ಎಂದು ನೋಡುತ್ತಿದ್ದರು. ಸೆಖೆ ಎನ್ನುತ್ತಿದ್ದೆ, ಚಳಿಗಾಲದಲ್ಲೂ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಕಡೂರಿನಲ್ಲಿ ನನ್ನ ಅಮ್ಮ ತೀರಿಕೊಂಡರು. ನಾನು ಪಕ್ಕದಲ್ಲೇ ಇದ್ದೆ. ಬಾಯಿಗೆ ನೀರು ಬಿಟ್ಟೆ, ಕಣ್ಣು ಮುಚ್ಚಿದೆ, ಆಮೇಲೆ ಅತ್ತೆ. ಎಲ್ಲ ಅದರದರ ಸರದಿಯಲ್ಲಿ ನಡೆಯಿತು. ಆ ಸರದಿಯೇ ಎಷ್ಟು ದೊಡ್ಡ ಭಾಗ್ಯ ಎಂದು ಅವತ್ತು ತಿಳಿಯಿತು. ಅಕ್ಕನಿಂದ ನಾನು ಕಿತ್ತುಕೊಂಡದ್ದು ಅದನ್ನೇ. ಅವ್ವನನ್ನು ಯಾರೂ ಹಿಂದಕ್ಕೆ ತರಲಾರರು, ತಮ್ಮನನ್ನಾದರೂ ತಂದುಕೊಡಬಹುದಲ್ಲ ಎಂದು ಒಂದು ಭಾನುವಾರ ಅಜ್ಜಂಪುರದ ಬಸ್ಸು ಹತ್ತಿದೆ.

ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಕೂದಲು ಬೆಳ್ಳಗಾಗಿತ್ತು. “ದಾರಿ ತಪ್ಪಿ ಬಂದ್ಯಾ?” ಎಂದು ನಗುತ್ತಾ ಜಾಗ ಕೊಟ್ಟರು. ಮಗ ಡಿಗ್ರಿ ಮುಗಿಸಿ ಬೀರೂರಿನಲ್ಲಿ ಕೆಲಸಕ್ಕೆ ಸೇರಿದ್ದ, ಯಜಮಾನರಿಗೆ ಸಕ್ಕರೆ ಕಾಯಿಲೆ. ತಮ್ಮನ ಮಗಳ ಮದುವೆ ಆಯಿತಂತೆ, ಇವರು ಹೋಗಲಿಲ್ಲವಂತೆ. ನಾನೂ ಅವರೆಕಾಯಿ ಕೈಗೆತ್ತಿಕೊಂಡೆ. ಕೈಗೆ ಕೆಲಸವಿದ್ದದ್ದರಿಂದಲೋ ಏನೋ, ಬಾಯಿ ಬಿಟ್ಟೆ. ತಂತಿಯಲ್ಲಿ ಸತ್ತರು ಎಂದು ಇರಲಿಲ್ಲ, ಸೀರಿಯಸ್ ಎಂದಿತ್ತು, ಉಳಿದದ್ದನ್ನು ನಾನೇ ಊಹಿಸಿ ಹೇಳಿದೆ ಎಂದೆ. ನಕಲಿನ ಅಕ್ಷರ ಚೆನ್ನಾಗಿ ಕಾಣುತ್ತಿತ್ತು, ಕಾಣುವುದಿಲ್ಲ ಎಂದು ಸುಳ್ಳು ಹೇಳಿದೆ ಎಂದೆ. ತಮ್ಮನ ತಪ್ಪು ಎಳ್ಳಷ್ಟೂ ಇಲ್ಲ ಎಂದೆ.

ಅಕ್ಕನ ಬೆರಳುಗಳು ನಿಂತವು. ಬೈಯುತ್ತಾರೆ ಎಂದು ಕಾದೆ. ಬೈದರೆ ಸಾಕು ಎನ್ನುವಷ್ಟು ಕಾದೆ.

“ಆ ಹಾಳೆ ಇನ್ನೂ ಪೆಟ್ಟಿಗೇಲೈತೆ” ಎಂದರು.

“ಬೇರೆ ಯಾರಿಗೂ ತೋರಿಸಲಿಲ್ವಾ ಅಕ್ಕ? ಮಗನೇ ಓದ್ತಿದ್ದ.”

“ಮಗ ಎರಡು ಸಲ ಕೇಳ್ದ, ಓದ್ತೀನಿ ಕೊಡವ್ವ ಅಂತ. ಕೊಡಲಿಲ್ಲ.”

“ಯಾಕೆ?”

ಅವರು ಸುಲಿದ ಕಾಳನ್ನು ಪಕ್ಕಕ್ಕೆ ಸರಿಸಿದರು. “ಅವತ್ತು ನೀನು ಹಾಳೇನ ತಿರುಗಿಸಿ ತಿರುಗಿಸಿ ನೋಡಿದ್ಯಲ್ಲ, ಅವಾಗ್ಲೇ ನಂಗೆ ಭಯ ಬಂತು ಕಣೆ. ತಮ್ಮಂದು ತಪ್ಪಿಲ್ಲ ಅಂತ ಗೊತ್ತಾಗಿಬಿಟ್ರೆ ಏನ್ಮಾಡ್ಲಿ? ಅವನು ಮಾಡಿದ್ದು ಅಂತ ಇಟ್ಕೊಂಡಿದ್ದೆ. ಹಂಗಂತ ಇಟ್ಕೊಂಡೇ ಉಂಡೆ, ಮಲಗಿದೆ, ಇಷ್ಟು ವರ್ಷ ಬಂದೆ. ಇನ್ಮೇಲೆ ಯಾರು ಮಾಡಿದ್ದು ಅಂತ ಇಟ್ಕೊಳ್ಳಲಿ?”

ಎದೆಯಿಂದ ಇಳಿಸಿಕೊಳ್ಳಲು ಬಂದ ಹೊರೆಯನ್ನು ಅವರ ತಲೆಗೆ ಹೊರಿಸುತ್ತಿದ್ದೇನೆ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲೇ ಇಲ್ಲ. ಇಷ್ಟು ಓದಿಯೂ ಹೊಳೆದಿರಲಿಲ್ಲ. ಅವರ ಕೈ ಹಿಡಿದುಕೊಂಡೆ.

“ನಾನು ಅಂತ ಇಟ್ಕೊಳ್ಳಿ ಅಕ್ಕ. ಮಾಡಿದ್ದು ನಾನು.”

ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ಸಿಟ್ಟೂ ಮಾಡಲಿಲ್ಲ. “ನೀನು ಬರೀ ಹೇಳ್ದೆ” ಎಂದರು. “ಅತ್ತಿದ್ದು ನಾನು.”